ಹೊರಗಿನ ಅಗಳಿ

ಮರಡಿಹಟ್ಟಿ, ತಾ. ಹುಕ್ಕೇರಿ
14 ಜುಲೈ 2024

ಪೂಜ್ಯ ಸೋದರತ್ತೆ ಉದ್ದವ್ವನವರಿಗೆ,

ನಿಮ್ಮ ಅಣ್ಣ ಕರೆಪ್ಪನ ಮಗ ವಿಠ್ಠಲನ ನಮಸ್ಕಾರಗಳು. ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ನೀವು ನನ್ನ ಹೆಸರು ಕೇಳಿದ ಮೇಲೆಯೇ "ಕೇಳಿಸವಲ್ದು" ಎಂದು ಇಟ್ಟುಬಿಟ್ಟಿರಿ. ಅದಕ್ಕೆ ಪತ್ರ.

ನಿಮ್ಮ ಒಡಹುಟ್ಟಿದ ದುಂಡವ್ವತ್ತೆ ಮಾರ್ಚಿನಲ್ಲಿ ತೀರಿಕೊಂಡದ್ದು ನಿಮಗೆ ಗೊತ್ತಿದೆ. ಇಪ್ಪತ್ತೆರಡು ವರ್ಷ ದೀಪಾವಳಿ ಪಾಡ್ಯದ ದಿನ ನಮ್ಮ ಮಾಳಪ್ಪನ ಗುಡಿಯ ಅಗಳಿ ತೆಗೆದು ದೇವರಿಗೆ ಕಂಬಳಿ ಹೊದಿಸಿದವರು ಅವರು. ಆ ಅಗಳಿಗೆ ನಮ್ಮ ಮನೆತನದಿಂದ ಮದುವೆ ಮಾಡಿ ಕೊಟ್ಟ ಮಗಳ ಕೈ ಬಿಟ್ಟು ಬೇರೆ ಯಾರ ಕೈಯೂ ತಾಗಬಾರದು ಎಂದು ಪೂಜಾರಿ ಮಾಲಿಂಗಜ್ಜ ಪಟ್ಟು ಹಿಡಿದಿದ್ದಾನೆ. ಈಗ ಉಳಿದವರು ನೀವೊಬ್ಬರೇ.

ಅಪ್ಪನಿಗೆ ಎಂಬತ್ತೊಂದು. ಈ ವರ್ಷವೂ ಮಾಳಪ್ಪನ ಪರವಾಗಿ ತಾನೇ ಗುಡಿಯ ಒಳಗೆ ಕೂತು, ಅಗಳಿ ತೆಗೆ ಎಂದು ತಂಗಿಯ ಹೆಸರು ಕೂಗುತ್ತೇನೆ ಎನ್ನುತ್ತಾನೆ. ನಿಮ್ಮನ್ನು ಕರೆ ಎಂದು ಅವನು ಹೇಳಲಿಲ್ಲ. ಕರೆಯಬೇಡ ಎಂದೂ ಹೇಳಲಿಲ್ಲ.

ಗುಡಿಯ ಜೀರ್ಣೋದ್ಧಾರ ಮುಗಿಯುತ್ತ ಬಂದಿದೆ. ನಾನೇ ಕಮಿಟಿಯ ಅಧ್ಯಕ್ಷ. ಸ್ಥಳಪುರಾಣದ ಪುಸ್ತಿಕೆಯನ್ನು ಗೋಕಾಕದಲ್ಲಿ ಅಚ್ಚು ಹಾಕಿಸುತ್ತೇವೆ. ಕರಡು ಇದರ ಜೊತೆ ಇಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ ಕಳಿಸಿರಿ.

ನಿಮ್ಮ
ವಿಠ್ಠಲ

—

ನಾಗನೂರ
2 ಆಗಸ್ಟ್ 2024

ಚಿರಂಜೀವಿ ವಿಠ್ಠಲನಿಗೆ,

ಪೋಸ್ಟಮನ್ "ಆಯೀ, ನಿಮ್ಮ ತವರಿಂದ ಪತ್ರಾ" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದ. ನಾನು ಶೇಂಗಾ ಸುಲಿಯುತ್ತಿದ್ದೆ. ಬುಟ್ಟಿ ಮುಗಿಸಿಯೇ ಒಡೆದೆ. ಇಪ್ಪತ್ತೆರಡು ವರ್ಷ ಕಾದವಳಿಗೆ ಒಂದು ಬುಟ್ಟಿ ಶೇಂಗಾ ಹೆಚ್ಚಲ್ಲ.

ನೀನು ಆರಾಮ ಇದ್ದೀಯಲ್ಲ? ನಿನಗೆ ಸಣ್ಣವನಿದ್ದಾಗ ಮಳೆಗಾಲದಲ್ಲಿ ಕೆಮ್ಮು ಹಿಡಿಯುತ್ತಿತ್ತು. ಈಗಲೂ ಹಿಡಿದರೆ ಬೆಲ್ಲ ಶುಂಠಿ ಬಿಡಬೇಡ.

ನಾನು ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಘ ಕಲಿಸಿದ್ದು ಘಟಪ್ರಭಾ ಬಸ್ಸು, ಹು ಕಲಿಸಿದ್ದು ಹುಕ್ಕೇರಿ ಬಸ್ಸು. ಆದರೂ ನಿನ್ನ ಕರಡಿನಲ್ಲಿ ನನಗೆ ತಪ್ಪು ಕಂಡವು. ಕಾಗುಣಿತದ ತಪ್ಪಲ್ಲ. ಕಥೆಯದೇ ತಪ್ಪು.

"ಮಾಳಪ್ಪನು ಲೋಕಕಲ್ಯಾಣಕ್ಕಾಗಿ ಒಂಬತ್ತು ದಿನ ಗರ್ಭಗುಡಿಯಲ್ಲಿ ತಪಸ್ಸು ಮಾಡಿದನು" ಎಂದು ಬರೆದಿದ್ದೀ. ಯಾವ ತಪಸ್ಸು? ಅವನು ಒಳಗೆ ಸಿಕ್ಕಿಬಿದ್ದಿದ್ದ. "ಬಾಗಿಲ ಪಕ್ಕದಲ್ಲಿ ದ್ವಾರಪಾಲಕಿಯ ವಿಗ್ರಹವಿದೆ" ಎಂದಿದ್ದೀ. ಅವಳು ಬಾಗಿಲು ಕಾಯುವ ಆಳಲ್ಲ, ಅವನ ತಂಗಿ ಅಗಳೆವ್ವ. ಇನ್ನು, ಸಾಗವಾನಿ ಬಾಗಿಲು ಕೂಡಿಸಿ ಒಳಗಿನಿಂದ ಚಿಲಕ ಹಾಕಿಸುತ್ತೀರಂತೆ. ಹಾಕಿಸಿದಿರೋ, ಮಾಳಪ್ಪ ಎದ್ದು ಕುಣಿದಾನು. ಆ ಗುಡಿಗೆ ಅಗಳಿ ಇರುವುದು ಹೊರಗೆ. ಅದೇ ಆ ಗುಡಿ. ಉಳಿದದ್ದೆಲ್ಲ ಕಲ್ಲು.

ಇದು ನಮ್ಮ ಮನೆಯ ಕೊಟ್ಟ ಹೆಣ್ಣುಮಕ್ಕಳು ಬೀಸುವಾಗ ಹಾಡಿ ಉಳಿಸಿದ ಕಥೆ. ನಮ್ಮವ್ವನಿಂದ ನನಗೆ ಮತ್ತು ದುಂಡವ್ವನಿಗೆ ಬಂತು. ಈಗ ನನ್ನೊಬ್ಬಳ ಬಾಯಲ್ಲಿದೆ. ಬರೆದುಕೋ.

ಮಾಳಪ್ಪನಿಗೆ ಸಾವಿರ ಕುರಿ, ಈಗಿನ ಗುಡಿಯೇ ಆಗ ಅವನ ಮನೆ. ತಂಗಿಯನ್ನು ಹೊಳೆಯ ಆಚೆ ಕೊಟ್ಟಿದ್ದ. ಅವಳು ಒಂದು ವರ್ಷ ಕೂತು ನೂಲು ತೆಗೆದು, ಅಣ್ಣನಿಗೆಂದು ಕರಿ ಕಂಬಳಿ ಮಾಡಿಸಿಕೊಂಡು ನಡೆದು ಬಂದಳು. ಕಾಲು ತುಂಬ ಕೆಸರು, ಸೀರೆಯ ಸೆರಗು ಹರಿದಿತ್ತು. ಆ ಹೊತ್ತಿಗೆ ಮಾಳಪ್ಪನ ಬಳಿ ದೊಡ್ಡ ದೊಡ್ಡ ಬೀಗರು ಕೂತಿದ್ದರು. "ಇವಳು ಯಾರು?" ಎಂದು ಕೇಳಿದರು. ಮಾಳಪ್ಪ "ಯಾರೋ ನೂಲುವಾಕಿ, ನನಗ ಒಡಹುಟ್ಟಿದವರಿಲ್ಲ" ಎಂದ. ಅವಳು ಬೀಗರು ಎದ್ದು ಹೋಗುವ ತನಕ ಕಾದಳು. ಆಮೇಲೆ ಹೊರಗೆ ಬಂದು ಅಗಳಿ ಜಡಿದಳು.

ಕುರಿಗಳು ಬಾಗಿಲ ಸುತ್ತ ನಿಂತು ಮೇವು ಬಿಟ್ಟವು. ಗೋಡೆಯಲ್ಲಿ ಮುಷ್ಟಿಯಷ್ಟು ಕಿಂಡಿ ಇದೆಯಲ್ಲ, ಅದರಿಂದ ಮಾಳಪ್ಪ ಕೂಗಿದ, "ಏ ನೂಲುವಾಕಿ, ತೆರಿ." ಅಗಳಿ ಸರಿಯಲಿಲ್ಲ. "ಏ ಹೆಂಗಸ, ತೆರಿ." ಸರಿಯಲಿಲ್ಲ. ಒಂಬತ್ತನೆಯ ದಿನ "ಅಗಳೆವ್ವಾ, ನನ್ನ ಹಾಲು ಹಂಚಿಕೊಂಡಾಕಿ" ಎಂದ. ಅಗಳಿ ಅರ್ಧ ಸರಿಯಿತು. ತಂಗಿ ಕೇಳಿದಳು, "ನನ್ನ ಹೊಟ್ಟ್ಯಾಗ ಹುಟ್ಟಿದವರ ಹೆಸರು?" ಅವಳ ಮಕ್ಕಳ ಹೆಸರನ್ನೂ ಅವನು ಊರಿಗೆ ಕೇಳುವ ಹಾಗೆ ಕೂಗಿದ. ಆಗ ಪೂರಾ ತೆರೆಯಿತು. ಚಳಿ ಹಿಡಿದು ಕಲ್ಲಾಗುತ್ತಿದ್ದ ಅಣ್ಣನಿಗೆ ಕಂಬಳಿ ಹೊದಿಸಿದಳು. ಆದರೆ ಅವನ ಮೇಲೆ ನಂಬಿಕೆ ಬರಲಿಲ್ಲ. ಅಗಳಿಯ ಕಡೆ ಕೈ ಚಾಚಿಕೊಂಡೇ ತಾನೂ ಕಲ್ಲಾದಳು. ಹೋಗಿ ನೋಡು, ಈಗಲೂ ಕೈ ಹಾಗೇ ಇದೆ.

ಇಷ್ಟು ದೇವರದು. ನಮ್ಮದು ನಿನಗೆ ಗೊತ್ತಿದೆ, ನೀನೂ ಅಲ್ಲೇ ನಿಂತಿದ್ದೆ. ನನ್ನ ಮಗಳು ಮಾಯಾಳನ್ನು ನಿನಗೆ ತರಬೇಕೆಂದು ಅಣ್ಣ ಮಾತಾಡಿದ್ದ. ಅವಳು ಬೌದ್ಧರ ಮನೆಯ ಓಂಕಾರನನ್ನು ಮೆಚ್ಚಿ ಮದುವೆಯಾದಳು. ಅದರಲ್ಲಿ ನಿನ್ನ ತಪ್ಪಿಲ್ಲ, ಅವಳದೂ ಇಲ್ಲ. ಆ ವರ್ಷ ಪಾಡ್ಯಕ್ಕೆ ನಾನು ಕಂಬಳಿ ಹೊತ್ತು ಬಂದೆ. ಅಗಳಿಯ ಮೇಲೆ ಕೈ ಇಟ್ಟು ನಿಂತೆ. ಒಳಗಿನಿಂದ ನಿಮ್ಮಪ್ಪ "ದುಂಡವ್ವಾ" ಎಂದು ಕೂಗಿದ. ಊರೆಲ್ಲ ನೋಡುತ್ತಿತ್ತು. ಹೊರಗೆ ಬಂದು "ನನಗ ಒಬ್ಬಾಕಿನ ತಂಗಿ. ಮಾಯಾ ಅನ್ನೂ ಹೆಸರ ಈ ಊರಾಗ ಯಾರೂ ಎತ್ತಬ್ಯಾಡ್ರಿ" ಎಂದ.

ನಾನು ಬರುತ್ತೇನೆ. ಎರಡು ಮಾತು ಮಾತ್ರ. ಹಳೆಯ ಅಗಳಿ ಹಾಗೇ ಇರಬೇಕು. ಪುಸ್ತಿಕೆಯಲ್ಲಿ ನನ್ನ ಕಥೆ ಒಂದಕ್ಷರ ಬಿಡದೆ ಬರಬೇಕು.

ಮಕ್ಕಳಿಗೆ ನನ್ನ ಮುದ್ದು ಹೇಳು.

ನಿನ್ನ ಅತ್ತೆ
ಉದ್ದವ್ವ

—

ಘಟಪ್ರಭಾ
11 ಸೆಪ್ಟೆಂಬರ್ 2024

ಅವ್ವಾ,

ನೀನು ವಿಠ್ಠಲನಿಗೆ ಬರೆದ ಪತ್ರದ ನಕಲು ಓದಿದೆ. ಡ್ಯೂಟಿ ಮುಗಿಸಿ ಬಂದು ಒಂದು ಸಲ, ಓಂಕಾರನಿಗೆ ಕೇಳಿಸಲೆಂದು ಇನ್ನೊಂದು ಸಲ.

ನಿನ್ನ ಮೊಮ್ಮಗಳು ಆಮ್ರಪಾಲಿ ಪ್ರತಿ ಶನಿವಾರ ಅರಭಾವಿಯಿಂದ ಕಾಲೇಜು ಮುಗಿಸಿ ಸೀದಾ ನಿನ್ನ ಹತ್ತಿರ ಓಡುತ್ತಾಳೆ. ಹೋದ ವಾರ ಅವಳ ಬೆರಳ ತುದಿ ನೋಡಿದೆ. ಉಣ್ಣೆಯ ಜಿಡ್ಡು. "ಆಯಿ ನೂಲೂದು ಕಲಸ್ಯಾಳ, ಕಂಬಳಿ ನೂಲು ಪೂರಾ ನಂದ" ಎಂದು ಹೆಮ್ಮೆಯಿಂದ ಹೇಳಿದಳು. ಯಾವ ಕಂಬಳಿ ಎಂದು ಅವಳಿಗೆ ಹೇಳಿದ್ದೀಯಾ?

ಇನ್ನೊಂದು ಮಾತು. ಆ ಕಥೆಯನ್ನು ನೀನು ನನಗೆ ನೂರು ಸಲ ಹೇಳಿದ್ದೀ. ಅಗಳೆವ್ವನಿಗೆ ಮಕ್ಕಳೇ ಇರಲಿಲ್ಲ. ಅಗಳಿ ಅರ್ಧ ಸರಿಯುತ್ತಿರಲಿಲ್ಲ. ಅಣ್ಣ ಹೆಸರು ಕರೆದ, ತಂಗಿ ತೆರೆದಳು, ಕಥೆ ಮುಗಿಯಿತು. ನಾನು "ಇಷ್ಟ ಏನಬೇ?" ಎಂದು ಕೇಳುತ್ತಿದ್ದೆ. ನೀನು "ಇಷ್ಟ" ಎನ್ನುತ್ತಿದ್ದೆ.

ಮಾವನಿಗೆ ಎಂಬತ್ತೊಂದು ವರ್ಷ. ನಾನು ನರ್ಸ್, ಆ ವಯಸ್ಸಿನವರನ್ನು ದಿನಾ ನೋಡುತ್ತೇನೆ. ಉಪವಾಸ, ತಣ್ಣನೆಯ ಕಲ್ಲು, ಕತ್ತಲೆ. ಬೇಡ ಅವ್ವಾ. ನನ್ನ ಹೆಸರು ಆ ಊರಿನಲ್ಲಿ ಎದ್ದರೆಷ್ಟು ಬಿಟ್ಟರೆಷ್ಟು? ಇಲ್ಲಿ ದಿನಕ್ಕೆ ನೂರು ಮಂದಿ ನನ್ನನ್ನು ಕರೆಯುತ್ತಾರೆ.

ನಿನ್ನ
ಮಾಯಾ

—

ನಾಗನೂರ
19 ಸೆಪ್ಟೆಂಬರ್ 2024

ಮುದ್ದು ಮಾಯಾಗೆ,

ಕಥೆ ಹೇಳುವಾಗ ನಿನಗೆ ನಡುವೆಯೇ ನಿದ್ದೆ ಬರುತ್ತಿತ್ತು. ಪೂರಾ ಕೇಳಿರಲಿಕ್ಕಿಲ್ಲ.

ಒಳಗೆ ಗಾಳಿಗೆ ಕಿಂಡಿ ಇದೆ. ಒಂದು ತಂಬಿಗೆ ನೀರು ಇಟ್ಟಿರುತ್ತಾರೆ. ನಿನ್ನ ಮಾವ ಅರವತ್ತು ವರ್ಷದಿಂದ ಅಲ್ಲಿ ಕೂತೆದ್ದವನು. ಎಂಬತ್ತೊಂದಾದರೂ ಎರಡು ರೊಟ್ಟಿ ತಿನ್ನುತ್ತಾನಂತೆ, ಹಲ್ಲೂ ಇವೆಯಂತೆ. ನಾನು ವಿಚಾರಿಸಿಕೊಂಡೇ ಇದ್ದೇನೆ.

ನೀನು ಮರೆತೆ ಎಂದರೆ ಅದು ನಿನ್ನ ದೊಡ್ಡ ಮನಸ್ಸು. ನಾನು ಅಷ್ಟು ದೊಡ್ಡವಳಲ್ಲ. ನಿಮ್ಮಪ್ಪ ತೀರಿದಾಗ ಹೆಣ ಅಂಗಳದಲ್ಲಿತ್ತು. ತವರಿನ ಸೀರೆ ಬರಲಿ, ಆಮೇಲೆ ಎತ್ತೋಣ ಎಂದು ಹಿರಿಯರು ಕಾದರು. ಹನ್ನೊಂದಕ್ಕೆ ಹುಕ್ಕೇರಿ ಕಡೆಯ ಬಸ್ಸು ಬಂತು, ಯಾರೂ ಇಳಿಯಲಿಲ್ಲ. ಒಂದಕ್ಕೆ ಬಂತು, ಇಳಿಯಲಿಲ್ಲ. ಮೂರಕ್ಕೆ ಪಕ್ಕದ ಮನೆಯ ಸತ್ತೆವ್ವ ತನ್ನ ಟ್ರಂಕಿನಿಂದ ಒಂದು ಸೀರೆ ತೆಗೆದು "ನಾನ ನಿನ್ನ ತವರು, ಸುಮ್ನ ಉಟಗೋ" ಎಂದಳು. ಆ ಸೀರೆ ಇನ್ನೂ ಇದೆ. ಪಾಡ್ಯಕ್ಕೆ ಅದನ್ನೇ ಉಟ್ಟು ಹೋಗುತ್ತೇನೆ.

ದುಂಡವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವತ್ತು ಅಣ್ಣ ಕರೆದ, ಅಗಳಿ ತೆಗೆದಳು. ಬಳಿಕ ಒಂದು ಸಲವೂ ನನ್ನ ಮುಖ ನೋಡಲಿಲ್ಲ, ಪಾಪ.

ಆಮ್ರಪಾಲಿಗೆ ಎಲ್ಲ ಹೇಳಿದ್ದೇನೆ. ಅವಳು ಏನೆಂದಳು ಗೊತ್ತೇ? "ಆಯಿ, ದಾರ ಇನ್ನಷ್ಟ ಗಟ್ಟಿ ತೆಗೀಲೇನು?" ಎಂದಳು. ಸತ್ತೆವ್ವನ ಮನೆಯ ಮಗ್ಗದ ಮೇಲೆ ಕಂಬಳಿ ಹತ್ತಿದೆ. ನಿನ್ನ ಮಗಳಿಗೆ ನಿನ್ನ ಮನಸ್ಸು ಬರಲಿಲ್ಲ. ನನ್ನದು ಬಂದಿದೆ.

ಹೊತ್ತಿಗೆ ಉಣ್ಣು.

ನಿನ್ನ ಅವ್ವ
ಉದ್ದವ್ವ

—

ಮರಡಿಹಟ್ಟಿ
16 ಅಕ್ಟೋಬರ್ 2024

ಪೂಜ್ಯ ಅತ್ತೆಯವರಿಗೆ,

ಪುಸ್ತಿಕೆ ಬಂತು. ಸಾವಿರ ಪ್ರತಿ. ಹತ್ತು ಪ್ರತಿ ನಿಮಗೆ ಕಳಿಸಿದ್ದೇನೆ. ನೀವು ಬರೆದದ್ದರಲ್ಲಿ ಒಂದಕ್ಷರ ಬಿಟ್ಟಿಲ್ಲ. ನಾಲ್ಕನೆಯ ಪುಟದಲ್ಲಿ, ತಂಗಿ ತನ್ನ ಮಕ್ಕಳ ಹೆಸರು ಕೇಳುವ ಮಾತನ್ನು ನಾನೇ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಯಾಕೆಂದು ಕೇಳಬೇಡಿರಿ.

ಅಪ್ಪನಿಗೆ ಓದಿ ಹೇಳಲು ಹೋದೆ. "ನನಗ ಗೊತ್ತಿಲ್ಲದ ಕಥಿ ಅದರಾಗ ಏನೈತಿ?" ಎಂದು ಎದ್ದು ಕುರಿಗಳ ಕಡೆ ಹೋದ.

ಹೊಸ ಬಾಗಿಲಿಗೆ ಹಳೆಯ ಅಗಳಿಯನ್ನೇ ಕೂಡಿಸಿದ್ದೇವೆ. ಒಳಗೆ ಚಿಲಕವಿಲ್ಲ.

ನಿಮ್ಮ
ವಿಠ್ಠಲ

—

ನಾಗನೂರ
5 ನವೆಂಬರ್ 2024

ಮುದ್ದು ಮಾಯಾಗೆ,

ನೀನು ಫೋನಿನಲ್ಲಿ "ಏನಾತು? ಮಾವ ಆರಾಮದಾನೇನು?" ಎಂದಷ್ಟೇ ಕೇಳಿದೆ. ಆರಾಮ ಇದ್ದಾನೆ. ಉಳಿದದ್ದು ಫೋನಿನಲ್ಲಿ ಹೇಳುವಂಥದಲ್ಲ, ಕಾಗದದ ಮೇಲೆ ಇರಬೇಕಾದದ್ದು.

ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಗುಡಿಗೆ ಟೈಲ್ಸ್ ಹಾಕಿದ್ದಾರೆ, ಕಾಲು ಜಾರುತ್ತದೆ. ಕಿವಿ ಮುರಿದ ಕಲ್ಲಿನ ಟಗರಿಗೆ ಬಣ್ಣ ಬಳಿದು ಹೊಸ ಕಿವಿ ಕೂಡಿಸಿದ್ದಾರೆ, ಕತ್ತೆಯ ಹಾಗೆ ಕಾಣುತ್ತದೆ. ಅಗಳೆವ್ವ ಮಾತ್ರ ಹಾಗೇ ಇದ್ದಾಳೆ. ಅವಳ ಕೈಗೆ ಭಂಡಾರದ ಅರಿಶಿನ ಹಚ್ಚಿದೆ.

ಅಣ್ಣ ಬಂದ. ಮುದುಕನಾಗಿದ್ದಾನೆ ಮಾಯಾ. ಕೋಲನ್ನು ಹೊರಗೆ ಇಟ್ಟು ಗಿಡ್ಡ ಬಾಗಿಲಲ್ಲಿ ಬಗ್ಗಿದ. ಬಾಗಿಲ ಚೌಕಟ್ಟು ಹಿಡಿಯಲು ಹೋಗಿ ಕೈ ತಪ್ಪಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದೆ ಎಳೆದುಕೊಂಡೆ. ಅವನು ನನ್ನ ಕಡೆ ನೋಡಲೇ ಇಲ್ಲ. ಒಳಗೆ ಹೋದ. ನಾನು ಅಗಳಿ ಜಡಿದೆ. ಆ ಕಬ್ಬಿಣದ ಸಪ್ಪಳ ನನಗೆ ಮರೆತೇ ಇರಲಿಲ್ಲ.

ಮೂರು ಸಲ ಕೂಗಿದ. "ಉದ್ದವ್ವಾ, ನನ್ನ ಹಾಲು ಹಂಚಿಕೊಂಡಾಕಿ, ಬಾಗಲಾ ತೆರಿ." ಗಂಟಲು ಇನ್ನೂ ಗಟ್ಟಿ ಇದೆ. ನಾನು ಅಗಳಿಯನ್ನು ಅರ್ಧ ಸರಿಸಿ ನಿಲ್ಲಿಸಿದೆ.

"ಅಣ್ಣಾ, ಇನ್ನರ್ಧಕ್ಕ ಒಂದ ಹೆಸರ ಬೇಕು. ನನ್ನ ಹೊಟ್ಟ್ಯಾಗ ಹುಟ್ಟಿದಾಕಿದು" ಎಂದೆ.

ಡೊಳ್ಳು ನಿಂತವು. ಒಳಗಿನಿಂದ ಅಣ್ಣ ಗುಡುಗಿದ, "ಎಂಥಾ ಹೆಸರು? ಕಥಿಯಾಗ ಹಂಗಿಲ್ಲ!"

ಆಗ ವಿಠ್ಠಲ ಮೈಕು ಹಿಡಿದು ನಾಲ್ಕನೆಯ ಪುಟ ಓದಿದ, ಮಾಯಾ. ಒಂದೊಂದೇ ಪದ ಬಿಡಿಸಿ ಓದಿದ. ಎಲ್ಲರ ಕೈಯಲ್ಲೂ ಪುಸ್ತಿಕೆ. ಎಲ್ಲರೂ ಹಾಳೆ ತಿರುವಿದರು. "ಬುಕ್ಕಿನ್ಯಾಗ ಐತಲ್ರಿ ಕಾಕಾ!" ಎಂದು ಯಾರೋ ಕಿಂಡಿಯ ಬಳಿ ಹೋಗಿ ಕೂಗಿದರು. "ಬುಕ್ಕ ನನ್ನ ಕಾಲ ಕೆಳಗ ಹಾಕ್ರಿ!" ಎಂದ ನಿನ್ನ ಮಾವ.

ನಾನು ಮೆಟ್ಟಿಲ ಮೇಲೆ ಕೂತು ಚೀಲದಿಂದ ಉಣ್ಣೆ, ತಕಲಿ ತೆಗೆದು ನೂಲತೊಡಗಿದೆ. "ಮುದಿಕಿಗೆ ತಲಿ ಕೆಟ್ಟೈತಿ" ಎಂದರು ಗಂಡಸರು. ಹೆಂಗಸರ ಕಡೆಯಿಂದ ಒಬ್ಬಳು "ತೆರೀಬ್ಯಾಡ ಬೇ ಆಯಿ, ಮುಂದಿನ ವರ್ಷ ನಮ್ಮಣ್ಣನ್ನೂ ಇದರಾಗ ಕುಂಡರಸೂಣು" ಎಂದಳು. ನಗೆ ಎದ್ದಿತು. ಬಿಸಿಲು ಒಂದು ಮೆಟ್ಟಿಲು ಇಳಿಯಿತು, ಎರಡು ಇಳಿಯಿತು. ನಗೆ ನಿಂತಿತು. ಒಳಗಿನಿಂದ ಸಪ್ಪಳವೇ ಇಲ್ಲ.

ಮಾಲಿಂಗಜ್ಜ ಕೈ ಮುಗಿದ. ಅಗಳಿ ಮುಟ್ಟುವ ಧೈರ್ಯ ಅವನಿಗಿಲ್ಲ. ವಿಠ್ಠಲ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅತ್ತೀ, ನಾ ಕರದರ ನಡೀತೈತೇನ್ರಿ?" ಎಂದ. ಉತ್ತರಕ್ಕೆ ಕಾಯಲಿಲ್ಲ. ಎದ್ದು ನಿಂತು "ಮಾಯಾ" ಎಂದ. ಕೂಗಲಿಲ್ಲ, ಬರೀ ಅಂದ. ಮೈಕು ಕೈಯಲ್ಲೇ ಇತ್ತಲ್ಲ, ಊರಿಗೆಲ್ಲ ಕೇಳಿಸಿತು. ಅವನ ಹೆಂಡತಿ ತಲೆ ತಗ್ಗಿಸಿದಳು. ನಾನು "ಇಲ್ಲಪ್ಪ, ಹೊರಗಿನವರು ಕರದರ ನಡಿಯಾಂಗಿಲ್ಲ" ಎಂದೆ. ಹಾಗೆ ಅಂದು ತಕಲಿ ಕೆಳಗೆ ಇಟ್ಟೆ.

ಕಿಂಡಿಗೆ ಕಿವಿ ಇಟ್ಟೆ. ಉಸಿರು ಕೇಳಿಸಿತು. ಅವನೂ ಆಚೆಯಿಂದ ಕಿವಿ ಇಟ್ಟಿದ್ದ ಎಂದು ಕಾಣುತ್ತದೆ. ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಅಂದ, "ಉದ್ದೀ, ನೆಲಾ ಭಾಳ ತಂಪೈತಿ."

"ಗೊತ್ತೈತಿ. ನಾನೂ ಇಪ್ಪತ್ತೆರಡ ವರ್ಷ ತಂಪಿನ್ಯಾಗ ಕುಂತೀನಿ."

ಆಮೇಲೆ ಅದೇ ಮೆಲುದನಿಯಲ್ಲಿ "ಮಾಯಾ" ಎಂದ.

"ನನಗಲ್ಲ. ಊರಿಗೆ ಕೇಳಂಗ."

"ಸಾಯಸ್ತಿಯೇನ?"

"ಇಲ್ಲ. ಕೂಗಸ್ತೀನಿ."

ಕೂಗಿದ ಮಾಯಾ. "ನನ್ನ ತಂಗಿ ಉದ್ದವ್ವನ ಮಗಳು ಮಾಯಾ!" ಗುಡಿಯ ಮೇಲಿನ ಪಾರಿವಾಳಗಳು ಎದ್ದವು. ನಾನು ಅಗಳಿ ಎಳೆದೆ. ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಹೊರಗೆ ಬಂದ. ವಿಠ್ಠಲ ಹಿಡಿದುಕೊಂಡ. ನಾನು ಒಳಗೆ ಹೋಗಿ ಮಾಳಪ್ಪನಿಗೆ ಕಂಬಳಿ ಹೊದಿಸಿದೆ. ಊಟಕ್ಕೆ ನಿಲ್ಲಲಿಲ್ಲ.

ಸಮಾಧಾನ ಆಯಿತೇ ಎಂದು ನೀನು ಕೇಳುತ್ತೀ. ಆಯಿತು. ಬರುವಾಗ ಬಸ್ಸಿನ ಕಿಟಕಿಗೆ ತಲೆ ಇಟ್ಟು ಎಂಥ ನಿದ್ದೆ ಬಂತೆಂದರೆ, ನಾಗನೂರ ದಾಟಿ ಎರಡು ಸ್ಟಾಪು ಮುಂದೆ ಇಳಿದೆ.

ನಿನ್ನ ಅವ್ವ
ಉದ್ದವ್ವ

—

ಮರಡಿಹಟ್ಟಿ
28 ನವೆಂಬರ್ 2024

ಉದ್ದವ್ವನಿಗೆ,

ಕರೆಪ್ಪ ಬರೆದದ್ದು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು, ಅಕ್ಷರ ಸೊಟ್ಟ ಇವೆ. ವಿಠ್ಠಲನಿಂದ ಬರೆಸಲಿಲ್ಲ. ಅವನಿಗೂ ನನಗೂ ಈಗ ಮಾತಿಲ್ಲ.

ಮೂರು ದಿನ ಜ್ವರ ಬಂದಿತ್ತು. ಹೋಯಿತು.

ಅವ್ವ ಬೀಸುವಾಗ ಹಾಡುತ್ತಿದ್ದಳು. ಒಂದು ತೊಡೆಯ ಮೇಲೆ ನೀನು ತಲೆ ಇಡುತ್ತಿದ್ದೆ, ಇನ್ನೊಂದರ ಮೇಲೆ ನಾನು. ಗಂಡುಮಕ್ಕಳಿಗೆ ಹಾಡು ಬರುವುದಿಲ್ಲ ಎಂದುಕೊಂಡೆಯಾ? ನನಗೆ ಪೂರಾ ಬರುತ್ತದೆ. ಅದರಲ್ಲಿ ಮಕ್ಕಳ ಮಾತಿಲ್ಲ. ನಿನಗೂ ಗೊತ್ತು. ಒಳಗಿನಿಂದ ಹೇಳಿದೆ, ಒಬ್ಬರೂ ನಂಬಲಿಲ್ಲ. ಅಚ್ಚಾದದ್ದೇ ಅವರಿಗೆ ಖರೆ.

ಆ ವರ್ಷ ನಾನು ದುಂಡವ್ವನ ಹೆಸರು ಕೂಗಿದಾಗ, ಕಿಂಡಿಯಿಂದ ನಿನ್ನ ಬಳೆಯ ಸಪ್ಪಳ ಕೇಳಿಸಿತ್ತು. ಅಗಳಿಯ ಮೇಲಿಂದ ನೀನು ಕೈ ತೆಗೆದದ್ದು. ಅದನ್ನು ಯಾರಿಗೂ ಹೇಳಿರಲಿಲ್ಲ. ಇಷ್ಟೇ.

ಆದರೆ ದೇವರ ಕಥೆಯಲ್ಲಿ ಇಲ್ಲದ ಮಾತು ತುರುಕಬಾರದು. ಮುಂದಿನ ಅಚ್ಚಿಗೆ ಅದನ್ನು ತೆಗೆಸು.

ಕರೆಪ್ಪ

—

ನಾಗನೂರ
12 ಡಿಸೆಂಬರ್ 2024

ಅಣ್ಣನಿಗೆ ಉದ್ದವ್ವನ ನಮಸ್ಕಾರಗಳು.

ಜ್ವರ ಬಿಟ್ಟದ್ದು ಓದಿ ಉಸಿರಾಡಿದೆ. ಚಳಿಗಾಲ, ಕಿವಿ ಕಟ್ಟಿಕೊಂಡು ಓಡಾಡು. ಮೊಸರು ಬಿಡು.

ನೀನು ಬರೆದದ್ದು ಖರೆ. ಆ ಮಾತು ಹಾಡಿನಲ್ಲಿ ಇರಲಿಲ್ಲ. ನಾನೇ ಹಾಕಿದೆ. ಶೇಂಗಾ ಸುಲಿಯುತ್ತ ಹೊಳೆಯಿತು, ಎದ್ದು ಬರೆದುಬಿಟ್ಟೆ. ಇದ್ದ ಹೆಸರನ್ನು ನೀನು ಮನೆಯಿಂದ ತೆಗೆದೆ. ಇಲ್ಲದ ಮಾತನ್ನು ನಾನು ಗುಡಿಗೆ ಹಾಕಿದೆ. ನೀನು ತೆಗೆಯುವಾಗ ನನ್ನನ್ನು ಕೇಳಿರಲಿಲ್ಲ.

ತೆಗೆಸುವುದಿಲ್ಲ. ಸಾಲಿಯ ಹುಡುಗಿಯರು ಆ ಪುಟವನ್ನು ಬಾಯಿಪಾಠ ಮಾಡಿದ್ದಾರಂತೆ, ವಿಠ್ಠಲ ಬರೆದಿದ್ದ. ನಾವಿಬ್ಬರೂ ಹೋದ ಮೇಲೆ ಹಳೆಯ ಹಾಡು ಯಾರ ಬಾಯಲ್ಲೂ ಇರುವುದಿಲ್ಲ. ಉಳಿಯುವುದು ಇದೇ.

ಬಳೆಯ ಸಪ್ಪಳದ ಮಾತು ಓದಿದೆ. ಅದನ್ನು ಇಪ್ಪತ್ತೆರಡು ವರ್ಷ ಮೊದಲು ಹೇಳಿದ್ದರೆ ನಾನು ಅತ್ತಿರುತ್ತಿದ್ದೆ.

ಇನ್ನೊಂದನ್ನು ನಾನೇ ಹೇಳಿಬಿಡುತ್ತೇನೆ. ಈಗ ಮಾಳಪ್ಪನ ಮೈಮೇಲಿರುವ ಕಂಬಳಿಯ ನೂಲು ಪೂರಾ ಮಾಯಾಳ ಮಗಳು ತೆಗೆದದ್ದು. ಮುಂದಿನ ಪಾಡ್ಯದ ತನಕ ಅದನ್ನು ಕಳಚುವಂತಿಲ್ಲ, ಕಟ್ಟಳೆ ನಿನಗೇ ಗೊತ್ತು. ದಿನಾ ಬೆಳಿಗ್ಗೆ ಅದಕ್ಕೆ ಕೈ ಮುಗಿ.

ಅವಳ ಹೆಸರು ಆಮ್ರಪಾಲಿ. ನಾಲ್ಕೇ ಅಕ್ಷರ. ನಿನಗೆ ಹತ್ತು ತಿಂಗಳು ಇವೆ, ಕುರಿಗಳ ಹಿಂದೆ ಅಡ್ಡಾಡುವಾಗ ಹೇಳಿಕೊಂಡು ರೂಢಿ ಮಾಡಿಕೋ. ಮುಂದಿನ ಸಲ ಮೆಲ್ಲಗೆ ಅಂದರೆ ನಡೆಯುವುದಿಲ್ಲ.

ಉಣ್ಣೆಯ ಕಾಲುಚೀಲ ಒಂದು ಜೊತೆ ಕಳಿಸಿದ್ದೇನೆ. ಒಳಗೆ ಕೂಡುವಾಗ ಹಾಕಿಕೋ, ನೆಲ ತಂಪು.

ನಿನ್ನ ತಂಗಿ
ಉದ್ದವ್ವ